ಕಥೆ ಮುಗಿದ ಮೇಲೆ: ಮಕ್ಕಳ ಕಾರ್ಟೂನ್ ಚಿತ್ರಗಳ ‘ಎರಡನೇ ಭಾಗ’

ತೊಂಬತ್ತರ ದಶಕದ ಭಾನುವಾರದ ಬೆಳಗುಗಳು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಅತ್ತ ದೇವಾಲಯದ ಗಂಟೆ, ಇತ್ತ ದೂರದರ್ಶನದಲ್ಲಿ ಮೋಗ್ಲಿ! ಜಪಾನಿನಲ್ಲಿ ತಯಾರಾಗಿ ಹಿಂದಿಗೆ ಡಬ್ ಆಗಿ ಬಂದ ಆ ‘ಜಂಗಲ್ ಬುಕ್’ ಧಾರಾವಾಹಿ ಎಷ್ಟೋ ಮನೆಗಳಲ್ಲಿ ತಾಯಿಗೂ ಮಕ್ಕಳಿಗೂ ವಾರಕ್ಕೊಮ್ಮೆ ಜಗಳ ಹಚ್ಚುತ್ತಿತ್ತು. ಮೊದಲ ಪೂಜೆಗೆ ಹೋಗಿಬಂದರೆ ಮಾತ್ರ ಟಿ.ವಿ. ಎಂಬ ಕರಾರಿನ ಮೇಲೆ ರಾಜಿಯಾದ ಮನೆಗಳೂ ಇದ್ದವು. ಹಿಂದಿ ಅಷ್ಟಾಗಿ ಬಾರದ ಮಕ್ಕಳೂ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಆ ಮಕ್ಕಳೇ ಇಂದು ತಂದೆತಾಯಿಯರು. ತಾವು ಮೆಚ್ಚಿದ ಕಥೆಗಳನ್ನು ತಮ್ಮ ಮಕ್ಕಳಿಗೂ ತೋರಿಸಬೇಕೆಂದು ಹೊರಟಾಗ ಒಂದು ಸಂಗತಿ ಅವರ ಗಮನಕ್ಕೆ ಬರುತ್ತದೆ. ‘ಸಿಂಡರೆಲ್ಲಾ’ ಇದೆ, ಜೊತೆಗೆ ‘ಸಿಂಡರೆಲ್ಲಾ 2’, ‘ಸಿಂಡರೆಲ್ಲಾ 3’ ಇವೆ. ‘ಬಾಂಬಿ’ಗೂ ಎರಡನೇ ಭಾಗ, ‘ಜಂಗಲ್ ಬುಕ್’ಗೂ ಎರಡನೇ ಭಾಗ. ಇವೆಲ್ಲ ಮೊದಲಿನವುಗಳಷ್ಟೇ ಒಳ್ಳೆಯವೇ? ಮಗುವಿಗೆ ತೋರಿಸಬಹುದೇ? ಈ ಪ್ರಶ್ನೆಯನ್ನು ನನಗೆ ಕೇಳಿದವರು ಒಬ್ಬಿಬ್ಬರಲ್ಲ.

ಶ್ರದ್ಧೆಯ ಪುಟದಲ್ಲಿ ಕಾರ್ಟೂನಿನ ವಿಚಾರವೇಕೆ ಎಂದು ಹಿರಿಯರು ಹುಬ್ಬೇರಿಸಬಹುದು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಸಮೂಹ ಮಾಧ್ಯಮಗಳನ್ನು ಕುರಿತು ಪ್ರಕಟಿಸಿದ ‘ಇಂತೆರ್ ಮಿರಿಫಿಕಾ’ ಎಂಬ ಪತ್ರವು, ಮನೆಯೊಳಗೆ ಬರುವ ಚಿತ್ರ, ಪುಸ್ತಕಗಳ ಬಗ್ಗೆ ಎಚ್ಚರ ವಹಿಸುವುದು ತಂದೆತಾಯಿಯರ ಗುರುತರ ಕರ್ತವ್ಯ ಎನ್ನುತ್ತದೆ. ಧರ್ಮಸಭೆ ಕಾರ್ಟೂನನ್ನು ಕೀಳಾಗಿ ಕಂಡದ್ದೂ ಇಲ್ಲ. ಸಿನಿಮಾಕ್ಕೆ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ ಹೊರಡಿಸಿದ 45 ಮಹತ್ವದ ಚಿತ್ರಗಳ ಪಟ್ಟಿಯಲ್ಲಿ ಡಿಸ್ನಿ ಸಂಸ್ಥೆಯ ‘ಫ್ಯಾಂಟೇಸಿಯಾ’ (1940) ಸೇರಿದೆ.

ಮೊದಲಿಗೆ ಈ ಎರಡನೇ ಭಾಗಗಳು ಹುಟ್ಟಿದ ಬಗೆಯನ್ನು ತಿಳಿಯೋಣ. ಡಿಸ್ನಿಯವರ ‘ಅಲಾದೀನ್’ 1992ರಲ್ಲಿ ತೆರೆಕಂಡಿತು. ಅದರ ಮುಂದುವರಿದ ಕಥೆ ‘ದಿ ರಿಟರ್ನ್ ಆಫ್ ಜಾಫರ್’ 1994ರಲ್ಲಿ ಬಂದಾಗ ಅದು ಚಿತ್ರಮಂದಿರಕ್ಕೆ ಹೋಗಲಿಲ್ಲ, ನೇರವಾಗಿ ವಿಡಿಯೊ ಕ್ಯಾಸೆಟ್ ಆಗಿ ಅಂಗಡಿಗೆ ಹೋಯಿತು. ಖರ್ಚು ಕಡಿಮೆ, ಮಾರಾಟ ಭರ್ಜರಿ. ಅಲ್ಲಿಂದ ಮುಂದೆ ಹದಿನಾಲ್ಕು ವರ್ಷ ಹಳೆಯ ಚಿತ್ರಗಳಿಗೆಲ್ಲ ಬಾಲ ಹಚ್ಚುವ ಕೆಲಸ ನಡೆಯಿತು. 2006ರಲ್ಲಿ ಡಿಸ್ನಿ ಸಂಸ್ಥೆ ಪಿಕ್ಸಾರ್ ಅನ್ನು ಕೊಂಡಾಗ ಅಲ್ಲಿಂದ ಬಂದ ಜಾನ್ ಲ್ಯಾಸೆಟರ್ ಇಂಥ ಚಿತ್ರಗಳಿಗೆ ಕಡಿವಾಣ ಹಾಕಿದರು. ಅವುಗಳನ್ನು ತಯಾರಿಸುತ್ತಿದ್ದ ಡಿಸ್ನಿಟೂನ್ ಸ್ಟುಡಿಯೊ 2018ರಲ್ಲಿ ಮುಚ್ಚಿತು. ಆದರೆ ಚಿತ್ರಗಳು ಉಳಿದಿವೆ. ಇಂದು ಮೊಬೈಲಿನಲ್ಲೂ ಟಿ.ವಿ.ಯಲ್ಲೂ ಮೊದಲ ಭಾಗದ ಪಕ್ಕದಲ್ಲೇ ಕುಳಿತಿರುತ್ತವೆ. ಯಾವುದು ಅಸಲು, ಯಾವುದು ಬಾಲ ಎಂಬುದು ಆರು ವರ್ಷದ ಮಗುವಿಗೆ ತಿಳಿಯುವುದಿಲ್ಲ.

ಚಿತ್ರದ ಬಣ್ಣ ಮಾಸಲು, ಹಾಡು ಸಪ್ಪೆ ಎಂಬ ದೂರುಗಳನ್ನು ಸಿನಿಮಾ ಬಲ್ಲವರಿಗೆ ಬಿಡೋಣ. ತಂದೆತಾಯಿಯರು ಕೇಳಬೇಕಾದ ಪ್ರಶ್ನೆ ಬೇರೆ. ಮೊದಲ ಕಥೆಯಲ್ಲಿ ಬೆಲೆ ತೆತ್ತು ಕಲಿತದ್ದು ಎರಡನೇ ಕಥೆಯಲ್ಲಿ ಯಾರಿಗಾದರೂ ನೆನಪಿದೆಯೇ?

ಮೋಗ್ಲಿ ಮತ್ತು ಬಾಲೂ

1967ರ ‘ದಿ ಜಂಗಲ್ ಬುಕ್’ ವಾಲ್ಟ್ ಡಿಸ್ನಿ ತಾವೇ ಮುತುವರ್ಜಿ ವಹಿಸಿದ ಕೊನೆಯ ಕಾರ್ಟೂನ್ ಚಿತ್ರ. ಅದು ಬಿಡುಗಡೆಯಾಗುವ ಮೊದಲೇ, 1966ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಿದ್ದರು. ಕರಡಿ ಬಾಲೂ ನಮ್ಮನ್ನು ನಗಿಸುತ್ತಾನೆ ನಿಜ. ಆದರೆ ಚಿತ್ರದ ಹೃದಯ ಇರುವುದು ಆ ನಗು ನಿಂತ ಕಡೆಯಲ್ಲಿ. ‘ನೀನು ಮನುಷ್ಯರ ಊರಿಗೇ ಹೋಗಬೇಕು’ ಎಂದು ತನ್ನ ಮುದ್ದಿನ ಹುಡುಗನಿಗೆ ಹೇಳಲು ಬಾಲೂ ತಡವರಿಸುತ್ತಾನೆ, ಮಾತು ಹೊರಡುವುದಿಲ್ಲ. ಕೊನೆಯಲ್ಲಿ ನೀರು ತರಲು ಬಂದ ಹುಡುಗಿಯೊಬ್ಬಳ ಹಿಂದೆ ಮೋಗ್ಲಿ ಊರಿನೊಳಗೆ ನಡೆದುಬಿಡುತ್ತಾನೆ. ಪ್ರೀತಿಸಿದವನು ಬಿಟ್ಟುಕೊಡಬೇಕಾಗುತ್ತದೆ. ಮಗನನ್ನೋ ಮಗಳನ್ನೋ ಹಾಸ್ಟೆಲಿಗೆ, ಗುರುಮಠಕ್ಕೆ, ಕಾನ್ವೆಂಟಿಗೆ, ದೂರದ ಊರಿನ ಕೆಲಸಕ್ಕೆ ಕಳುಹಿಸಿ ಬಸ್‌ಸ್ಟಾಂಡಿನಿಂದ ಮನೆಗೆ ಮರಳಿದ ತಂದೆತಾಯಿಯರಿಗೆ ಈ ದೃಶ್ಯವನ್ನು ವಿವರಿಸಬೇಕಾಗಿಲ್ಲ.

2003ರ ‘ಜಂಗಲ್ ಬುಕ್ 2’ರಲ್ಲಿ ಆಗುವುದೇನು? ಮೋಗ್ಲಿಗೆ ಊರು ಬೇಸರ, ಕಾಡಿನ ಹಂಬಲ. ಬಾಲೂಗೂ ಅದೇ ಕೊರಗು. ಅವನೇ ಬಂದು ಹುಡುಗನನ್ನು ಕರೆದೊಯ್ಯುತ್ತಾನೆ. ಹುಲಿ ಶೇರ್ ಖಾನ್ ಸೇಡಿಗೆ ಮತ್ತೆ ಹಾಜರ್. ಕೊನೆಗೆ ಊರೂ ಇರಲಿ, ಕಾಡೂ ಇರಲಿ, ಬೇಕೆಂದಾಗ ಹೋಗಿಬರೋಣ ಎಂಬ ಏರ್ಪಾಡು. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ನಾನೂ ಕೆಲವೆಡೆ ನಕ್ಕೆ. ಆದರೆ ಬಾಲೂ ಅಂದು ಬಿಟ್ಟುಕೊಟ್ಟದ್ದನ್ನು ಈ ಚಿತ್ರ ಬಡ್ಡಿಸಹಿತ ವಾಪಸು ಕೊಟ್ಟುಬಿಟ್ಟಿತು. ಹಾಗಾದರೆ ಅಂದು ಅವನು ಅತ್ತದ್ದು ಯಾತಕ್ಕೆ?

ಮೂಲ ಲೇಖಕ ರಡ್ಯಾರ್ಡ್ ಕಿಪ್ಲಿಂಗ್ ನಮ್ಮ ಮುಂಬಯಿಯಲ್ಲೇ 1865ರಲ್ಲಿ ಹುಟ್ಟಿದವರು; ಕಥೆ ನಡೆಯುವುದು ಇಂದಿನ ಮಧ್ಯಪ್ರದೇಶದ ಸಿವನಿ ಕಡೆಯ ಬೆಟ್ಟಗಾಡಿನಲ್ಲಿ. 1894ರ ‘ಜಂಗಲ್ ಬುಕ್’ ಆದ ಮರುವರ್ಷವೇ ಅವರು ‘ಎರಡನೇ ಜಂಗಲ್ ಬುಕ್’ ಬರೆದರು. ಅದರ ಕೊನೆಯ ಕಥೆಯಲ್ಲಿ ಬೆಳೆದು ನಿಂತ ಮೋಗ್ಲಿ ವಸಂತಕಾಲದ ಒಂದು ರಾತ್ರಿ ತನ್ನೊಳಗಿನ ತಳಮಳ ತಡೆಯಲಾರದೆ ಕಾಡೆಲ್ಲ ಓಡಿ, ಕಡೆಗೆ ತನ್ನವರಿಗೆ ವಿದಾಯ ಹೇಳಿ ಮನುಷ್ಯರ ಬಳಿ ಹೋಗುತ್ತಾನೆ. ಅದೂ ಎರಡನೇ ಭಾಗವೇ, ಆದರೆ ಅಲ್ಲಿ ಮೊದಲ ಭಾಗದ ಪ್ರತಿಯೊಂದು ಋಣವೂ ನೆನಪಿದೆ. ಆದ್ದರಿಂದ ಎರಡನೇ ಭಾಗ ಎಂದಾಕ್ಷಣ ಮೂಗು ಮುರಿಯಬೇಕಿಲ್ಲ.

ದೇವಾಲಯದ ಗೂನುಬೆನ್ನಿನವನು

ನಮಗೆ ಹತ್ತಿರದ ಇನ್ನೊಂದು ಉದಾಹರಣೆ ಪ್ಯಾರಿಸಿನ ನೋತ್ರ್ ದಾಮ್ ಮಹಾದೇವಾಲಯದ ಕಥೆ. 2019ರ ಏಪ್ರಿಲಿನಲ್ಲಿ ಬೆಂಕಿಗೆ ತುತ್ತಾಗಿ 2024ರ ಡಿಸೆಂಬರಿನಲ್ಲಿ ಮತ್ತೆ ಬಾಗಿಲು ತೆರೆದ ದೇವಾಲಯ ಅದೇ. ವಿಕ್ಟರ್ ಹ್ಯೂಗೊ 1831ರಲ್ಲಿ ಬರೆದ ಕಾದಂಬರಿಯಲ್ಲಿ ಅಲ್ಲಿ ಗಂಟೆ ಬಾರಿಸುವವನು ಕ್ವಾಸಿಮೋದೊ, ಗೂನುಬೆನ್ನಿನ ಅನಾಥ. ಆ ಹೆಸರು ಬಂದದ್ದು ನಮ್ಮ ಪೂಜಾವಿಧಿಯಿಂದ. ಪಾಸ್ಕದ ಮುಂದಿನ ಭಾನುವಾರದ ಲತೀನ್ ಪ್ರವೇಶಗೀತೆ ಆರಂಭವಾಗುವುದೇ ‘ಕ್ವಾಸಿ ಮೋದೊ’ ಎಂಬ ಎರಡು ಪದಗಳಿಂದ. ಆಗತಾನೆ ಹುಟ್ಟಿದ ಹಸುಗೂಸುಗಳನ್ನು ಕುರಿತು ಸಂತ ಪೇತ್ರರು ತಮ್ಮ ಮೊದಲ ಪತ್ರದಲ್ಲಿ ಹೇಳಿದ ಮಾತು ಅದು. ಆ ದಿನ ಸಿಕ್ಕ ಮಗುವಿಗೆ ಆ ಹೆಸರು. ಅದೇ ಭಾನುವಾರವನ್ನು ನಾವೀಗ ದೈವಿಕ ಕರುಣೆಯ ಭಾನುವಾರವಾಗಿ ಆಚರಿಸುತ್ತೇವೆ. ಡಿಸ್ನಿ ಚಿತ್ರದಲ್ಲಿ ಮಾತ್ರ ಕ್ರೂರಿ ಫ್ರೋಲೊ ಆ ಹೆಸರಿಗೆ ‘ಅರೆಬರೆ ರೂಪದವನು’ ಎಂಬ ಅರ್ಥ ಹಚ್ಚುತ್ತಾನೆ.

1996ರ ಆ ಮೊದಲ ಚಿತ್ರ ಚಿಕ್ಕ ಮಕ್ಕಳಿಗೆ ಹೇಳಿಸಿದ್ದಲ್ಲ. ಫ್ರೋಲೊನ ಕಾಮವನ್ನೂ ಕ್ರೌರ್ಯವನ್ನೂ ಅದು ಮುಚ್ಚಿಡುವುದಿಲ್ಲ. ಹನ್ನೆರಡು ದಾಟಿದವರ ಜೊತೆ ಕುಳಿತು ನೋಡಬಹುದು. ಹಸುಗೂಸನ್ನು ಬಾವಿಗೆಸೆಯಲು ಹೊರಟ ಫ್ರೋಲೊನನ್ನು ದೇವಾಲಯದ ಗುರು ತಡೆಯುತ್ತಾರೆ. ಎಸ್ಮೆರಾಲ್ಡಾ ದೇವಾಲಯದೊಳಗೆ ನಿಂತು ತನಗಾಗಿ ಏನೂ ಬೇಡದೆ ತಳ್ಳಲ್ಪಟ್ಟವರಿಗಾಗಿ ಬೇಡುತ್ತಾಳೆ. ಕ್ವಾಸಿಮೋದೊ ಅವಳನ್ನು ಪ್ರೀತಿಸಿದರೂ ಕೊನೆಗೆ ಅವಳ ಕೈಯನ್ನು ಫೀಬಸ್ ಎಂಬ ಸೈನಿಕನ ಕೈಯಲ್ಲಿ ತಾನೇ ಇಡುತ್ತಾನೆ. ಆಮೇಲೆ ಪುಟ್ಟ ಹುಡುಗಿಯೊಬ್ಬಳು ಬಂದು ಅವನ ಮುಖ ಸವರುತ್ತಾಳೆ.

2002ರ ಎರಡನೇ ಭಾಗದಲ್ಲಿ ಸರ್ಕಸ್ಸಿನ ಕಳ್ಳನೊಬ್ಬ, ಒಳಮೈಗೆ ಒಡವೆ ಕೂರಿಸಿದ ಒಂದು ಗಂಟೆ, ಕ್ವಾಸಿಮೋದೊನನ್ನು ಮೆಚ್ಚುವ ಮದಲೀನ್ ಎಂಬ ಹುಡುಗಿ. ದೇವಾಲಯವೀಗ ಕಳ್ಳತನ ನಡೆಯುವ ಒಂದು ಕಟ್ಟಡ, ಅಷ್ಟೆ. ಅಲ್ಲಿ ಪ್ರಾರ್ಥನೆಗೆ ಮೊದಲಿನ ಜಾಗವಿಲ್ಲ. ಅಲೆಮಾರಿಗಳ ಪರ ನಿಂತು ಪೆಟ್ಟು ತಿಂದಿದ್ದ ಫೀಬಸ್ ಈಗ ಸರ್ಕಸ್ಸಿನವರೆಂದರೆ ಅನುಮಾನಪಡುತ್ತಾನೆ. ನೆನಪಿಲ್ಲ!

ಇಲ್ಲಿ ನನ್ನ ಮನಸ್ಸು ಎರಡಾಗುತ್ತದೆ ಎಂದು ಒಪ್ಪಿಕೊಳ್ಳಬೇಕು. ಅಂಗವಿಕಲ ಮಗನಿರುವ ತಾಯಿಯೊಬ್ಬರು, “ನಿಮಗೆ ಮೊದಲನೆಯದು ಚೆನ್ನ ಅನ್ನಿಸಬಹುದು. ನನ್ನ ಮಗನಂಥವನಿಗೂ ಒಬ್ಬಳು ಸಿಗುತ್ತಾಳೆ ಅಂತ ತೋರಿಸಿದ್ದು ಎರಡನೆಯದೇ ಅಲ್ಲವಾ?” ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಸುಂದರನಿಗೆ ಮದುವೆ, ಗೂನನಿಗೆ ತ್ಯಾಗ ಎಂಬ ಹಂಚಿಕೆ ಸರಿಯೇ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೂ ಆ ಹುಡುಗಿಯನ್ನು ಸಮಾಧಾನಕರ ಬಹುಮಾನದಂತೆ ತಂದು ನಿಲ್ಲಿಸಿದ್ದಾರೆಯೇ ಹೊರತು ಒಬ್ಬ ಮನುಷ್ಯಳನ್ನಾಗಿ ಬಿಡಿಸಿಲ್ಲ ಎಂಬುದು ನನ್ನ ದೂರು.

‘ದಿ ಲಿಟ್ಲ್ ಮರ್ಮೇಡ್ 2’ (2000) ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಪ್ಪ ಬೇಡವೆಂದದ್ದಕ್ಕೇ ಹಟ ಹಿಡಿದಿದ್ದ ಮತ್ಸ್ಯಕನ್ಯೆ ಏರಿಯಲ್ ಈಗ ತಾಯಿ. ತನ್ನ ಮಗಳಿಗೆ ಸಮುದ್ರವೇ ಕಾಣದಂತೆ ಗೋಡೆ ಕಟ್ಟಿಸುತ್ತಾಳೆ. ನಾವು ಪೋಷಕರು ನಮ್ಮ ಹದಿಹರೆಯವನ್ನು ಮರೆಯುವ ಪರಿ ಇದೇ ಅಲ್ಲವೇ? ಒಳ್ಳೆಯ ಎಳೆ ಸಿಕ್ಕಿತ್ತು. ಆದರೆ ಅದನ್ನು ಹಿಡಿದು ಕೂರದೆ, ಹಳೆಯ ಮಾಟಗಾತಿಯ ತಂಗಿಯನ್ನು ಕರೆತಂದು ಹಳೆಯ ಆಟವನ್ನೇ ಆಡಿಸಿದರು. ಅಂದಹಾಗೆ 1837ರಲ್ಲಿ ಆಂಡರ್ಸನ್ ಬರೆದ ಮೂಲ ಕಥೆಯಲ್ಲಿ ಆ ಕನ್ಯೆ ಬಯಸಿದ್ದು ರಾಜಕುಮಾರನನ್ನು ಮಾತ್ರವಲ್ಲ, ಅಮರವಾದ ಆತ್ಮವನ್ನು. 1989ರ ಮೊದಲ ಚಿತ್ರವೇ ಅದನ್ನು ಕೈಬಿಟ್ಟಿತ್ತು ಎಂದ ಮೇಲೆ ಎರಡನೆಯದನ್ನು ದೂರಿ ಫಲವೇನು?

ಶುಭಸಂದೇಶದ ‘ಮುಂದಿನ ಭಾಗ’

ಮುಂದಿನ ಭಾಗ ಹೇಗಿರಬೇಕು ಎಂಬುದಕ್ಕೆ ನಮ್ಮ ಪವಿತ್ರ ಗ್ರಂಥದಲ್ಲೇ ಮಾದರಿಗಳಿವೆ. ಸಂತ ಲೂಕರು ತಮ್ಮ ಶುಭಸಂದೇಶವನ್ನು ಬರೆದಾದ ಮೇಲೆ ಅದೇ ಥೆಯೊಫಿಲನಿಗೆ ಎರಡನೆಯ ಗ್ರಂಥ ಬರೆದರು. ಅದೇ ‘ಪ್ರೇಷಿತರ ಕಾರ್ಯಕಲಾಪಗಳು’. ಅಲ್ಲಿ ಕಲ್ಲೇಟಿಗೆ ಸಾಯುತ್ತಿರುವ ಸ್ತೇಫನನು ತನ್ನನ್ನು ಕೊಲ್ಲುವವರಿಗಾಗಿ ಪ್ರಾರ್ಥಿಸುತ್ತಾನೆ. ಶಿಲುಬೆಯ ಮೇಲಿನ ಪ್ರಾರ್ಥನೆ ಅವನ ಬಾಯಲ್ಲಿ ಮತ್ತೆ ಕೇಳಿಸುತ್ತದೆ.

ಇನ್ನೂ ನಿಚ್ಚಳವಾದ ಮಾದರಿ ಸಂತ ಯೊವಾನ್ನರ ಶುಭಸಂದೇಶದಲ್ಲಿದೆ. ಇಪ್ಪತ್ತನೆಯ ಅಧ್ಯಾಯದ ಕೊನೆ ಓದಿದರೆ ಗ್ರಂಥ ಮುಗಿದೇಹೋಯಿತು ಅನ್ನಿಸುತ್ತದೆ. ಆದರೆ ಇಪ್ಪತ್ತೊಂದನೆಯ ಅಧ್ಯಾಯ ಉಂಟು. ಇದನ್ನು ಆಮೇಲೆ ಸೇರಿಸಿದ ಅನುಬಂಧವೆಂದೇ ಅನೇಕ ವಿದ್ವಾಂಸರು ಎಣಿಸುತ್ತಾರೆ. ಅಲ್ಲಿ ದಡದ ಮೇಲೆ ಇದ್ದಲ ಬೆಂಕಿ ಉರಿಯುತ್ತಿದೆ. ಪೇತ್ರನು ಪ್ರಧಾನ ಯಾಜಕನ ಅಂಗಳದಲ್ಲಿ ಚಳಿ ಕಾಯಿಸುತ್ತಾ ಯೇಸುವನ್ನು ಅರಿಯೆ ಎಂದದ್ದೂ ಇದ್ದಲ ಬೆಂಕಿಯ ಮುಂದೆಯೇ. ಅಂದು ಮೂರು ಸಲ ಅಲ್ಲಗಳೆದವನನ್ನು ಪ್ರಭು ಈಗ ಮೂರು ಸಲ ಕೇಳುತ್ತಾರೆ, ನನ್ನನ್ನು ಪ್ರೀತಿಸುತ್ತೀಯಾ ಎಂದು. ಮೂರನೆಯ ಸಲ ಪೇತ್ರನಿಗೆ ದುಃಖವಾಯಿತು. ಏನೂ ನಡೆದೇ ಇಲ್ಲವೆಂಬಂತೆ ಪ್ರಭು ಅಪ್ಪಿಕೊಳ್ಳಬಹುದಿತ್ತು, ಹಾಗೆ ಮಾಡಲಿಲ್ಲ. ಗಾಯವಾದ ಜಾಗವನ್ನೇ ಮುಟ್ಟಿ ಗುಣಪಡಿಸಿದರು. ಪಾಪನಿವೇದನೆಗೆ ಮಕ್ಕಳನ್ನು ಸಿದ್ಧಪಡಿಸುವಾಗ ನಾವು ಕಲಿಸುವುದೂ ಇದನ್ನೇ. ಕ್ಷಮೆ ಎಂದರೆ ಮರೆವಲ್ಲ.

ಇದಕ್ಕೆ ವ್ಯತಿರಿಕ್ತವಾದವೂ ಆದಿಸಭೆಯ ಕಾಲಾನಂತರ ಹುಟ್ಟಿಕೊಂಡವು. ಬಾಲ ಯೇಸುವಿನ ಕಥೆ ಹೇಳುತ್ತೇವೆಂದು ತೋಮನ ಹೆಸರಿನಲ್ಲಿ ಬಂದ ಒಂದು ಬರಹದಲ್ಲಿ ಬಾಲಕ ಯೇಸು ಮಣ್ಣಿನ ಗುಬ್ಬಿಗಳಿಗೆ ಜೀವ ಕೊಟ್ಟು ಹಾರಿಸುತ್ತಾನೆ. ಓದಲು ಸೊಗಸು. ಆದರೆ ಅಲ್ಲೇ ಮುಂದೆ, ಭುಜಕ್ಕೆ ಡಿಕ್ಕಿ ಹೊಡೆದ ಹುಡುಗನನ್ನು ಶಪಿಸಿ ಸಾಯಿಸುತ್ತಾನೆ! ಶಕ್ತಿ ಇದೆ, ಪ್ರೀತಿ ಇಲ್ಲ. ಮೂಲದ ಸ್ವಭಾವವನ್ನೇ ಮರೆತ ಇಂಥ ಬರಹಗಳನ್ನು ಧರ್ಮಸಭೆ ಪವಿತ್ರ ಗ್ರಂಥಕ್ಕೆ ಸೇರಿಸಿಕೊಳ್ಳಲಿಲ್ಲ.

ನೆನಪುಳ್ಳ ಎರಡು ಚಿತ್ರಗಳು

ಇಷ್ಟು ಹೇಳಿದ ಮೇಲೆ, ಆ ವಿಡಿಯೊ ರಾಶಿಯಲ್ಲೂ ಕಾಳು ಇಲ್ಲದಿಲ್ಲ. 1942ರ ‘ಬಾಂಬಿ’ಯಲ್ಲಿ ಜಿಂಕೆಮರಿಯ ತಾಯಿ ಬೇಟೆಗಾರನ ಗುಂಡಿಗೆ ಬಲಿಯಾಗುತ್ತಾಳೆ. ಹಿಮ ಬೀಳುತ್ತದೆ, ತಂದೆ ಬಂದು ನಿಲ್ಲುತ್ತಾನೆ, ಮರುಕ್ಷಣ ವಸಂತದ ಹಾಡು, ಬಾಂಬಿ ದೊಡ್ಡವನಾಗಿದ್ದಾನೆ. ನಡುವೆ ಆ ಮರಿ ಹೇಗೆ ಬದುಕಿತು? 2006ರ ‘ಬಾಂಬಿ 2’ ಆ ಬಿಟ್ಟ ಜಾಗಕ್ಕೇ ಹೋಗಿ ನಿಲ್ಲುತ್ತದೆ. ತಂದೆ ಕಾಡಿಗೆಲ್ಲ ದೊಡ್ಡವನು, ಆದರೆ ಮಗನನ್ನು ಸಾಕಲು ಬಾರದವನು. ಮರಿಯನ್ನು ನೋಡಿಕೊಳ್ಳಲು ಬೇರೊಬ್ಬಳು ಸಿಗಲಿ ಎಂದು ಕಾಯುತ್ತಿದ್ದಾನೆ. ದುಃಖದ ಬಗ್ಗೆ ಮಾತಾಡುವುದು ಅವನಿಗೆ ಗೊತ್ತಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮಕ್ಕಳ ತಲೆ ಬಾಚಲು ಕಲಿತ ತಂದೆಯರು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೇ? ಈ ಚಿತ್ರ ತಾಯಿಯನ್ನು ಮರಳಿ ತರುವುದಿಲ್ಲ. ಅವಳ ನೆನಪನ್ನು ತಂದೆ ಮಗನ ನಡುವೆ ಹಂಚುತ್ತದೆ. ಸಾವು ಕಂಡ ಮನೆಯ ಮಗುವಿಗೆ ಇದನ್ನು ತೋರಿಸಬಹುದು. ಆದರೆ ಒಂಟಿಯಾಗಿ ಕೂರಿಸಬೇಡಿ.

‘ಸಿಂಡರೆಲ್ಲಾ 3’ (2007) ನನಗೆ ಅಚ್ಚರಿ ತಂದ ಚಿತ್ರ. ಮೂರು ತುಣುಕು ಕಥೆಗಳನ್ನು ಪೋಣಿಸಿದ ‘ಸಿಂಡರೆಲ್ಲಾ 2’ ಸಾಧಾರಣ ಸರಕು. ಅದಕ್ಕೂ ಮುಂದಿನದೆಂದರೆ ಇನ್ನೇನಿರುತ್ತದೆ ಎಂದುಕೊಂಡೇ ಕುಳಿತಿದ್ದೆ. ಮಲತಾಯಿಯ ಕೈಗೆ ಮಾಯಾದಂಡ ಸಿಕ್ಕಿ ಅವಳು ಕಾಲವನ್ನೇ ಹಿಂದಕ್ಕೆ ತಿರುಗಿಸುತ್ತಾಳೆ. ಗಾಜಿನ ಪಾದರಕ್ಷೆ ಈ ಸಲ ಅವಳ ಮಗಳು ಅನಸ್ತೇಸಿಯಾಳ ಕಾಲಿಗೆ ಸರಿಹೊಂದುತ್ತದೆ. ಮೊದಲ ಕಥೆಯನ್ನು ಅಳಿಸಿಹಾಕುವವಳು ಖಳನಾಯಕಿಯೇ ಎಂಬುದನ್ನು ಗಮನಿಸಿ! ಅರಮನೆಯ ರಾಜ ತೀರಿಕೊಂಡ ತನ್ನ ರಾಣಿಯ ಬಗ್ಗೆ ಅನಸ್ತೇಸಿಯಾಳೊಂದಿಗೆ ಮಾತಾಡುತ್ತಾನೆ. ಯಾರೂ ಪ್ರೀತಿಸದ ಆ ಒರಟು ಹುಡುಗಿಗೆ ಪ್ರೀತಿ ಎಂದರೇನೆಂದು ಮೊದಲ ಸಲ ಹೊಳೆಯುತ್ತದೆ. ಮದುವೆಯ ಪೀಠದ ಮುಂದೆ ಸಿಂಡರೆಲ್ಲಾಳ ರೂಪ ಧರಿಸಿ ನಿಂತ ಅವಳು, ಸಮ್ಮತಿ ಕೇಳಿದಾಗ, ಇಲ್ಲ ಎನ್ನುತ್ತಾಳೆ.

ವಿವಾಹ ಸಿದ್ಧತಾ ಶಿಬಿರಗಳಲ್ಲಿ ಗುರುಗಳು ಹೇಳುವ ಮಾತು ಇಲ್ಲಿ ನೆನಪಾಗದಿರದು. ವಿವಾಹವನ್ನು ಉಂಟುಮಾಡುವುದು ಸಮ್ಮತಿ. ಅದನ್ನು ಬೇರೆ ಯಾವ ಮಾನವ ಶಕ್ತಿಯೂ ತುಂಬಿಕೊಡಲಾರದು ಎನ್ನುತ್ತದೆ ಧರ್ಮಸಭೆಯ ಕಾನೂನು ಸಂಹಿತೆಯ 1057ನೇ ವಿಧಿ. ಮಾಯಾದಂಡವೂ ತುಂಬಿಕೊಡಲಾರದು! ಇನ್ನೊಂದು ವಿಷಯ. 1697ರಲ್ಲಿ ಶಾರ್ಲ್ ಪೆರೊ ಬರೆದ ಕಥೆಯಲ್ಲಿ ಸಿಂಡರೆಲ್ಲಾ ತನ್ನ ಮಲಸಹೋದರಿಯರನ್ನು ಕ್ಷಮಿಸಿ, ಅರಮನೆಗೆ ಕರೆದು, ಅವರಿಗೂ ಮದುವೆ ಮಾಡಿಸುತ್ತಾಳೆ. 1950ರ ಪ್ರಸಿದ್ಧ ಚಿತ್ರ ಈ ಕ್ಷಮೆಯನ್ನು ಕೈಬಿಟ್ಟು ಮದುವೆಯ ಗಾಡಿ ಹತ್ತಿಸಿಬಿಟ್ಟಿತ್ತು. ಮೂಲದಲ್ಲಿ ಇದ್ದು ಮೊದಲ ಚಿತ್ರದಲ್ಲಿ ಕಳೆದುಹೋದದ್ದು ಯಾರೂ ಲೆಕ್ಕಕ್ಕಿಡದ ಈ ವಿಡಿಯೊದಲ್ಲಿ ಮತ್ತೆ ಸಿಕ್ಕಿತು.

‘ಪಿನೋಕಿಯೊ’ ಕಥೆಯಂತೂ ಇನ್ನೂ ಸ್ವಾರಸ್ಯ. ಇಟಲಿಯ ಕೊಲ್ಲೋದಿ 1881ರಲ್ಲಿ ಮಕ್ಕಳ ಪತ್ರಿಕೆಯೊಂದರಲ್ಲಿ ಅದನ್ನು ಧಾರಾವಾಹಿಯಾಗಿ ಬರೆಯುತ್ತಾ, ಹದಿನೈದನೇ ಅಧ್ಯಾಯದಲ್ಲಿ ಆ ಮರದ ಬೊಂಬೆಯನ್ನು ಓಕ್ ಮರಕ್ಕೆ ನೇಣು ಹಾಕಿಸಿ ಮುಗಿಸಿಬಿಟ್ಟಿದ್ದರು. ಓದುಗ ಮಕ್ಕಳು ಬಿಡಲಿಲ್ಲ, ಸಂಪಾದಕರೂ ಬಿಡಲಿಲ್ಲ. ಮರುವರ್ಷ ಕಥೆ ಮುಂದುವರಿಯಿತು. ಮೀನಿನ ಹೊಟ್ಟೆಯೊಳಗೆ ಮಗ ತಂದೆಯನ್ನು ಕಂಡುಕೊಳ್ಳುವುದು, ಬೊಂಬೆ ಕೊನೆಗೆ ಹುಡುಗನಾಗುವುದು ಎಲ್ಲ ಇರುವುದು ಆ ಮುಂದುವರಿದ ಭಾಗದಲ್ಲೇ.

ಪ್ರಿಯ ತಂದೆತಾಯಿಯರೇ, ಮುಂದಿನ ರಜೆಯಲ್ಲಿ ಮಕ್ಕಳು ‘ಭಾಗ ಎರಡು’ ಎಂದು ಕೈಹಿಡಿದು ಎಳೆದರೆ ಬೇಡವೆನ್ನಬೇಡಿ. ಮೊದಲ ಭಾಗವನ್ನು ಮೊದಲು ತೋರಿಸಿ, ಎರಡಕ್ಕೂ ನಡುವೆ ಒಂದೆರಡು ದಿನ ಬಿಡಿ. ಎರಡನೆಯದು ಮುಗಿದ ಮೇಲೆ, ಚೆನ್ನಾಗಿತ್ತಾ ಎಂದು ಕೇಳುವ ಬದಲು, ‘ಬಾಲೂಗೆ ಅವತ್ತು ಅತ್ತದ್ದು ನೆನಪಿತ್ತಾ?’ ಎಂದು ಕೇಳಿ ನೋಡಿ. ಊಟದ ಹೊತ್ತಿಗೆ ಉತ್ತರ ಬರಬಹುದು, ಬರದೆಯೂ ಇರಬಹುದು.

ನಮ್ಮ ಧರ್ಮೋಪದೇಶ ತರಗತಿಯಲ್ಲಿ ಒಂದು ಭಾನುವಾರ ದುಂದುಗಾರ ಮಗನ ಸಾಮತಿಯನ್ನು ಓದಿದೆವು. ಹಿರಿಯ ಮಗ ಕೊನೆಗೆ ಮನೆಯೊಳಗೆ ಬಂದನೋ ಇಲ್ಲವೋ ಎಂಬುದನ್ನು ಯೇಸುಸ್ವಾಮಿ ಹೇಳಿಲ್ಲ. ‘ಮುಂದೇನಾಯಿತು, ನೀವೇ ಬರೆಯಿರಿ’ ಎಂದು ಐದನೇ ತರಗತಿಯ ಮಕ್ಕಳಿಗೆ ಹಾಳೆ ಕೊಟ್ಟೆ. ಮುಕ್ಕಾಲು ಪಾಲು ಮಕ್ಕಳು ಬರೆದದ್ದು ಒಂದೇ: ಕಿರಿಯ ಮಗ ಮತ್ತೆ ದುಡ್ಡು ಕದ್ದು ಓಡಿಹೋದ, ಮತ್ತೆ ಹಂದಿ ಕಾಯ್ದ, ಮತ್ತೆ ಬಂದ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಮೂರೇ ಸಾಲು ಬರೆದಿದ್ದಳು. ಅಣ್ಣ ಒಳಗೆ ಬರಲಿಲ್ಲ. ಅಪ್ಪನೂ ಒಳಗೆ ಹೋಗಲಿಲ್ಲ. ಕತ್ತಲಾದ ಮೇಲೆ ತಮ್ಮ ಎರಡು ತಟ್ಟೆ ಊಟ ಹಿಡಿದು ಹೊರಗೆ ಬಂದ.